ಅಂಗಡಿ ಮುಂದೆ ತೂಗುತ್ತಿದ್ದ ಕಲೆ: ಜಪಾನಿನ ಹಳೆಯ ಮರದ ಬೋರ್ಡುಗಳನ್ನು ಓದುವುದು ಹೇಗೆ?

ಜಪಾನಿನ ಚಿತ್ರಕಾರ ಹಿರೋಶಿಗೆಯ ಹೆಸರಿನಲ್ಲಿ 1856ರಿಂದ ಒಂದು ಮರದಚ್ಚಿನ ಚಿತ್ರಮಾಲೆ ಬರತೊಡಗಿತು. ಎದೋ ನಗರದ, ಅಂದರೆ ಇವತ್ತಿನ ಟೋಕಿಯೊದ, ನೂರು ಹೆಸರುವಾಸಿ ಜಾಗಗಳ ಚಿತ್ರಗಳು. ಅದರಲ್ಲಿ ಬಿಕುನಿ ಸೇತುವೆಯ ಮೇಲೆ ಹಿಮ ಬಿದ್ದಿರುವ ಚಿತ್ರವೊಂದಿದೆ. ಹಿಮಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಅಂಗಡಿಗಳ ಬೋರ್ಡು. ಒಂದರಲ್ಲಿ ‘ಬೆಟ್ಟದ ತಿಮಿಂಗಿಲ’ ಎಂದು ಬರೆದಿದೆ. ಇನ್ನೊಂದರಲ್ಲಿ ‘ಇಡಿಯಾಗಿ ಸುಟ್ಟದ್ದು, ಹದಿಮೂರು ರಿ’ ಎಂದಿದೆ.

ಬೆಟ್ಟದ ತಿಮಿಂಗಿಲ ಎಂದರೆ ಕಾಡುಹಂದಿ ಮಾಂಸ. ನಾಲ್ಕು ಕಾಲಿನ ಪ್ರಾಣಿಗಳನ್ನು ತಿನ್ನುವುದು ಆಗ ಮರ್ಯಾದಸ್ಥರ ಲಕ್ಷಣ ಆಗಿರಲಿಲ್ಲ. ಮೀನಿಗೆ ಅಂಥ ಅಡ್ಡಿ ಇರಲಿಲ್ಲ, ತಿಮಿಂಗಿಲವನ್ನೂ ಮೀನೆಂದೇ ಎಣಿಸುತ್ತಿದ್ದರು. ಹಾಗಾಗಿ ಹಂದಿಗೆ ಆ ಹೆಸರು. ಎರಡನೆಯದು ಇನ್ನೂ ಸ್ವಾರಸ್ಯ. ‘ರಿ’ ಅನ್ನುವುದು ನಮ್ಮ ಹರದಾರಿಯ ಹಾಗೆ ದೂರದ ಅಳತೆ, ಸುಮಾರು 4 ಕಿಲೋಮೀಟರ್. ಆ ಅಂಗಡಿಯಲ್ಲಿ ಮಾರುತ್ತಿದ್ದದ್ದು ಸುಟ್ಟ ಗೆಣಸು. ಗೆಣಸಿಗೂ ದೂರಕ್ಕೂ ಏನು ಸಂಬಂಧ? ಜಪಾನಿ ಭಾಷೆಯಲ್ಲಿ ಚೆಸ್ಟ್‌ನಟ್ ಕಾಯಿಗೆ ಕುರಿ ಎನ್ನುತ್ತಾರೆ. ‘ಕು’ ಎಂದರೆ ಒಂಬತ್ತು, ಹಾಗಾಗಿ ಕುರಿ ಅಂದರೆ ಒಂಬತ್ತು ರಿ ಎಂದೂ ಕೇಳಿಸುತ್ತದೆ. ‘ಯೋರಿ’ ಎಂದರೆ ‘ಅದಕ್ಕಿಂತ’. ಅದು ನಾಲ್ಕು ರಿ ಎಂದೂ ಕೇಳಿಸುತ್ತದೆ. ಒಂಬತ್ತಕ್ಕೆ ನಾಲ್ಕು ಸೇರಿಸಿದರೆ ಹದಿಮೂರು. ‘ನಮ್ಮ ಗೆಣಸು ಚೆಸ್ಟ್‌ನಟ್‌ಗಿಂತ ರುಚಿ’ ಎಂದು ವ್ಯಾಪಾರಿ ಹೇಳುತ್ತಿದ್ದಾನೆ. ಗೆಣಸಿಗೆ ಹೆಸರಾದ ಕವಾಗೋಯೆ ಊರು ಎದೋದಿಂದ ಸುಮಾರು ಹದಿಮೂರು ರಿ ದೂರದಲ್ಲಿತ್ತು ಅನ್ನುವುದೂ ಈ ಲೆಕ್ಕಕ್ಕೆ ಚೆನ್ನಾಗಿ ಕೂಡಿಬಂತು.

ಇಂಥ ಬೋರ್ಡುಗಳೇ ಕಾನ್‌ಬಾನ್. ಐಟಿ ಆಫೀಸುಗಳಲ್ಲಿ ಕೆಲಸ ಹಂಚಲು ಬಳಸುವ ಕಾನ್‌ಬಾನ್ ಬೋರ್ಡು ಬಂದದ್ದು ಟೊಯೋಟಾ ಕಾರ್ಖಾನೆಯ ಚೀಟಿ ಪದ್ಧತಿಯಿಂದ. ನಾನು ಬರೆಯುತ್ತಿರುವುದು ಅದಕ್ಕೂ ಎಷ್ಟೋ ಹಿಂದಿನ, ಅಂಗಡಿಯ ಸೂರಿನಡಿ ತೂಗುತ್ತಿದ್ದ ಮರದ ಬೋರ್ಡುಗಳ ಬಗ್ಗೆ. ಇವತ್ತು ಅವು ಹರಾಜಿಗೆ ಬರುತ್ತವೆ, ಮ್ಯೂಸಿಯಂನಲ್ಲಿ ಇರುತ್ತವೆ, ಮನೆಯ ಹಾಲ್‌ನಲ್ಲಿ ಚಿತ್ರದ ಬದಲು ತೂಗುತ್ತವೆ. ನೋಡಲು ಅಷ್ಟು ಚೆಂದ. ಆದರೆ ಬರೀ ಚೆಂದ ನೋಡಿ ಕೊಂಡವರಿಗೆ ಅದರ ಅರ್ಧ ಮಾತ್ರ ಸಿಗುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾನ್‌ಬಾನ್ ಅಂದರೆ ದುಡಿದ ಹಲಗೆ. ಅದರ ಬೆಲೆ ಇರುವುದು ದುಡಿದ ಗುರುತುಗಳಲ್ಲಿ. ಆ ಗುರುತುಗಳನ್ನು ಓದಲು ಬಂದರೆ ಹಲಗೆ ತಾನಾಗಿ ಮಾತಾಡುತ್ತದೆ.

ಎದೋ ಕಾಲ ಎಂದರೆ 1603ರಿಂದ 1868. ತೊಕುಗಾವಾ ಮನೆತನದ ಆಳ್ವಿಕೆ, ಎರಡೂವರೆ ಶತಮಾನದ ಶಾಂತಿ, ಬೆಳೆಯುತ್ತಿದ್ದ ಪೇಟೆಗಳು. ಬೀದಿಯ ಎರಡೂ ಕಡೆ ಒಂದಕ್ಕೊಂದು ಅಂಟಿಕೊಂಡ ಅಂಗಡಿಗಳು, ಎಲ್ಲವೂ ಒಂದೇ ತರಹದ ಮರದ ಕಟ್ಟಡಗಳು. ಗಿರಾಕಿ ನಿಲ್ಲಬೇಕಾದರೆ ಏನಾದರೂ ತೂಗಬೇಕು, ಅಲ್ವಾ? ಕೆಲವರು ಮಾರುವ ವಸ್ತುವನ್ನೇ ದೊಡ್ಡದಾಗಿ ಕೆತ್ತಿಸಿ ತೂಗುಹಾಕಿದರು. ಕುಂಚದ ಅಂಗಡಿಗೆ ಆಳೆತ್ತರದ ಮರದ ಕುಂಚ. ಮೇಣದ ಬತ್ತಿಯವನಿಗೆ ದಪ್ಪನೆಯ ಬತ್ತಿ. ಕಾಲುಚೀಲದಂಥ ‘ತಾಬಿ’ ಹೊಲಿಯುವವನಿಗೆ ತಾಬಿಯ ಆಕಾರದ ಹಲಗೆ. ಹಣ ಬದಲಿಸಿಕೊಡುವವನಿಗೆ ತಕ್ಕಡಿಯ ತೂಕದ ಕಲ್ಲಿನ ಆಕಾರ. ಸಾಕೆ ಮದ್ಯ ತಯಾರಿಸುವವರು ಸುಗಿ ಮರದ ಸೊಪ್ಪನ್ನು ದೊಡ್ಡ ಚೆಂಡಿನ ಹಾಗೆ ಕಟ್ಟಿ ತೂಗುಹಾಕುತ್ತಿದ್ದರು, ಈಗಲೂ ಹಾಕುತ್ತಾರೆ. ಹೊಸ ಸಾಕೆ ಬಂದಾಗ ಚೆಂಡು ಹಸಿರು. ಅದು ಒಣಗಿ ಕಂದು ಬಣ್ಣಕ್ಕೆ ತಿರುಗಿದಂತೆ ಒಳಗಿನ ಸಾಕೆಯೂ ಪಳಗಿದೆ ಎಂದು ಬೀದಿಯಲ್ಲಿ ಹೋಗುವವರಿಗೆ ಗೊತ್ತಾಗುತ್ತದೆ.

ಇನ್ನು ಒಗಟಿನ ಬೋರ್ಡುಗಳು. ಸಾರ್ವಜನಿಕ ಸ್ನಾನದ ಮನೆಯ ಮುಂದೆ ಬಿಲ್ಲು ಬಾಣ ತೂಗುತ್ತಿತ್ತು. ‘ಯುಮಿ ಇರು’ ಎಂದರೆ ಬಿಲ್ಲು ಹೊಡೆಯುವುದು, ‘ಯು ನಿ ಇರು’ ಎಂದರೆ ಬಿಸಿನೀರಿಗೆ ಇಳಿಯುವುದು. ಗಿರವಿ ಅಂಗಡಿಗೆ ಶೋಗಿ ಆಟದ ಕಾಯಿ. ಶೋಗಿ ಜಪಾನಿನ ಚದುರಂಗ. ಅದರಲ್ಲಿ ಸಣ್ಣ ಕಾಯಿ ಎದುರಾಳಿಯ ಮನೆಯೊಳಗೆ ಹೊಕ್ಕರೆ ‘ಕಿನ್’, ಅಂದರೆ ಬಂಗಾರ, ಆಗುತ್ತದೆ. ಒಳಗೆ ಬಂದರೆ ಕಾಸು ಸಿಗುತ್ತದೆ ಎಂದು ಅರ್ಥ. ಬಾಚಣಿಗೆಗೆ ‘ಕುಶಿ’ ಎನ್ನುತ್ತಾರೆ. ‘ಕು’ ಅಂದರೆ ಕಷ್ಟ ಎಂದೂ, ‘ಶಿ’ ಅಂದರೆ ಸಾವು ಎಂದೂ ಕೇಳಿಸುವುದರಿಂದ ಆ ಅಪಶಕುನ ಬೇಡವೆಂದು ಬಾಚಣಿಗೆ ಅಂಗಡಿಯವರು ‘ಹದಿಮೂರರ ಅಂಗಡಿ’ ಎಂದು ಹೆಸರಿಟ್ಟುಕೊಂಡರು. ಕು ಒಂಬತ್ತು, ಶಿ ನಾಲ್ಕು, ಮತ್ತೆ ಅದೇ ಹದಿಮೂರು. ಆ ಹೆಸರಿನ ಬಾಚಣಿಗೆ ಅಂಗಡಿಗಳು ಟೋಕಿಯೊದಲ್ಲೂ ಕ್ಯೋಟೋದಲ್ಲೂ ಈಗಲೂ ಇವೆ.

ಓದಲು ಬಾರದ ಜನರಿಗಾಗಿ ಇಂಥ ಬೋರ್ಡು ಮಾಡಿದರು ಎಂದು ಹಲವರು ಸುಲಭವಾಗಿ ಹೇಳಿಬಿಡುತ್ತಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಎದೋ ನಗರದಲ್ಲಿ ಓದು ಬಲ್ಲವರು ಕಡಿಮೆ ಇರಲಿಲ್ಲ. ಪಾಠದ ಮನೆಗಳು ಬೀದಿಬೀದಿಯಲ್ಲಿದ್ದವು, ಬಾಡಿಗೆಗೆ ಪುಸ್ತಕ ಕೊಡುವವರು ಮನೆಮನೆಗೆ ಬರುತ್ತಿದ್ದರು. ಹದಿಮೂರು ರಿ ಎಂಬ ಲೆಕ್ಕವನ್ನು ಬಿಡಿಸಿ ನಗುವುದಕ್ಕೆ ಚುರುಕು ಬುದ್ಧಿಯೂ ಬೇಕು, ಭಾಷೆಯ ಮೇಲೆ ಹಿಡಿತವೂ ಬೇಕು. ಈ ಬೋರ್ಡುಗಳು ಗಿರಾಕಿಯ ಜಾಣತನದ ಮೇಲೆ ನಂಬಿಕೆ ಇಟ್ಟಿದ್ದವು. ನನಗೆ ಇವು ಇಷ್ಟವಾಗಲು ಅದೇ ದೊಡ್ಡ ಕಾರಣ.

ಕೆಲವು ಬೋರ್ಡುಗಳು ವ್ಯಾಪಾರದ ನೀತಿಯನ್ನೇ ಸಾರುತ್ತಿದ್ದವು. ಮಿತ್ಸುಯಿ ತಾಕಾತೋಶಿ 1673ರಲ್ಲಿ ಎದೋದಲ್ಲಿ ಎಚಿಗೋಯಾ ಎಂಬ ಬಟ್ಟೆ ಅಂಗಡಿ ತೆರೆದರು. ಆಗ ಬಟ್ಟೆ ವ್ಯಾಪಾರ ಎಂದರೆ ದೊಡ್ಡವರ ಮನೆಗೆ ಹೋಗಿ ತೋರಿಸುವುದು, ಸಾಲ ಬರೆದುಕೊಳ್ಳುವುದು, ವರ್ಷಕ್ಕೆ ಒಂದೆರಡು ಸಲ ವಸೂಲಿ ಮಾಡುವುದು. ಎಚಿಗೋಯಾ ಅದನ್ನು ತಿರುಗಿಸಿಬಿಟ್ಟಿತು. ಅವರ ಬೋರ್ಡಿನಲ್ಲಿ ಇದ್ದದ್ದು ಇಷ್ಟೇ: ನಗದು ವ್ಯಾಪಾರ, ಚೌಕಾಸಿಗೆಂದು ಏರಿಸಿದ ಬೆಲೆ ಇಲ್ಲ. ಅದೇ ಮುಂದೆ ಮಿತ್ಸುಕೋಶಿ ಡಿಪಾರ್ಟ್‌ಮೆಂಟ್ ಸ್ಟೋರ್ ಆಯಿತು.

ಈಗ ಹಲಗೆಯ ಹತ್ತಿರ ಬರೋಣ. ಮರ ಯಾವುದು? ಗಟ್ಟಿ ಬೋರ್ಡಿಗೆ ಕೆಯಾಕಿ. ತೂಕ ಜಾಸ್ತಿ, ಎಳೆ ಎದ್ದು ಕಾಣುತ್ತದೆ, ನೂರು ವರ್ಷ ಕಳೆದರೆ ಹೊಳಪಿನ ಕಂದು ಬಣ್ಣ ಬರುತ್ತದೆ. ಹಿನೋಕಿ ಮತ್ತು ಸುಗಿ ಹಗುರ, ಕೆತ್ತಲು ಸುಲಭ. ಕಿರಿ ಇನ್ನೂ ಹಗುರ. ತೂಕ ಯಾಕೆ ಮುಖ್ಯ ಎಂದರೆ, ತೂಗುವ ಬೋರ್ಡನ್ನು ಬೆಳಗ್ಗೆ ಹೊರಗೆ ಹಾಕಿ ಸಂಜೆ ಒಳಗೆ ತರುವುದು ರೂಢಿಯಾಗಿತ್ತು. ದಿನಾ ಎರಡು ಸಲ ಅದನ್ನು ಎತ್ತಿ ಇಳಿಸಬೇಕು. ಹಾಗಾಗಿಯೇ ಒಳ್ಳೆಯ ಹಳೆಯ ಬೋರ್ಡಿನ ಎರಡೂ ಅಂಚುಗಳು, ಕೈ ಹಿಡಿಯುವ ಜಾಗದಲ್ಲಿ, ನುಣುಪಾಗಿ ಸವೆದಿರುತ್ತವೆ. ಮೇಲಿನ ಕಬ್ಬಿಣದ ಕೊಂಡಿ ಉಜ್ಜಿ ಉಜ್ಜಿ ಒಳಬದಿಯಲ್ಲಿ ತೆಳುವಾಗಿರುತ್ತದೆ.

ಅಕ್ಷರ ಕೆತ್ತುವ ಕ್ರಮ ಹೀಗೆ. ಕೈಬರಹದಲ್ಲಿ ನುರಿತವರು ಕಾಗದದ ಮೇಲೆ ಕುಂಚದಿಂದ ಬರೆಯುತ್ತಾರೆ. ಆ ಕಾಗದವನ್ನು ಹಲಗೆಗೆ ಅಂಟಿಸುತ್ತಾರೆ. ಕೆತ್ತುವವನು ಕಾಗದದ ಮೇಲಿಂದಲೇ ಉಳಿ ಹಾಕುತ್ತಾನೆ. ಕುಂಚದ ಶಾಯಿ ಮುಗಿಯುತ್ತಾ ಬಂದಾಗ ಗೆರೆಯಲ್ಲಿ ಬಿಳಿ ಬಿಳಿ ಎಳೆಗಳು ಉಳಿಯುತ್ತವಲ್ಲ, ಅವನ್ನೂ ಒಂದೊಂದಾಗಿ ಕೆತ್ತುತ್ತಾನೆ. ಅಕ್ಷರವನ್ನು ಹಲಗೆಯಿಂದ ಮೇಲೆ ಎಬ್ಬಿಸುವುದು ಒಂದು ಬಗೆ, ಒಳಗೆ ತೋಡುವುದು ಇನ್ನೊಂದು. ನನಗೆ ತುಂಬಾ ಹಿಡಿಸುವುದು ಮೂರನೆಯದು, ಕಾಮಾಬೋಕೋ ಕೆತ್ತನೆ. ಕಾಮಾಬೋಕೋ ಎಂದರೆ ಅರ್ಧ ದುಂಡಗಿನ ಮೀನಿನ ತಿನಿಸು. ಇದರಲ್ಲಿ ಗೆರೆಯ ಎರಡೂ ಅಂಚನ್ನು ಆಳವಾಗಿ ಕೊರೆದು, ನಡುವಿನ ಭಾಗವನ್ನು ಉಬ್ಬಾಗಿ ಬಿಡುತ್ತಾರೆ. ಅಕ್ಷರ ಹಲಗೆಯ ಮಟ್ಟಕ್ಕಿಂತ ಮೇಲೆ ಬರುವುದಿಲ್ಲ, ಆದರೂ ಉಬ್ಬಿದಂತೆ ಕಾಣುತ್ತದೆ. ಅಂಚಿನಲ್ಲಿ ನೆರಳು, ನಡುವೆ ಬೆಳಕು. ಬೀದಿಯ ಆ ಕಡೆಯಿಂದಲೂ ಅಕ್ಷರ ಸ್ಪಷ್ಟ.

ಕೆತ್ತಿದ ಮೇಲೆ ಬಣ್ಣ. ಕರಿ ಬೇಕಾದರೆ ಶಾಯಿ ಅಥವಾ ಉರುಶಿ. ಬಿಳಿ ಬೇಕಾದರೆ ಚಿಪ್ಪಿನ ಪುಡಿ. ಹೆಚ್ಚಿನ ಮೆರುಗಿಗೆ ಚಿನ್ನದ ರೇಕು. ಉರುಶಿಯನ್ನು ನಮ್ಮ ಚನ್ನಪಟ್ಟಣದ ಗೊಂಬೆಯ ಅರಗಿನ ಜೊತೆ ಕಲಸಿಕೊಳ್ಳಬಾರದು. ಅರಗು ಬರುವುದು ಕೀಟದಿಂದ, ಶಾಖಕ್ಕೆ ಕರಗುತ್ತದೆ. ಉರುಶಿ ಒಂದು ಮರದ ಹಾಲು. ತೇವದ ಗಾಳಿಯಲ್ಲಿಟ್ಟರೆ ಗಟ್ಟಿಯಾಗುತ್ತದೆ, ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ.

ಚಿನ್ನದ ವಿಷಯದಲ್ಲಿ ಸರ್ಕಾರ ಅಡ್ಡ ಬಂತು. ಅಂಗಡಿಯವರು ಪೈಪೋಟಿಗೆ ಬಿದ್ದು ಬೋರ್ಡಿಗೆ ಚಿನ್ನ ಬೆಳ್ಳಿ ಬಳಿಯತೊಡಗಿದಾಗ, ತೊಕುಗಾವಾ ಸರ್ಕಾರ 1682ರಲ್ಲಿ ಅದನ್ನು ನಿಷೇಧಿಸಿತು. ಬರಿಯ ಮರದ ಮೇಲೆ ಶಾಯಿಯಲ್ಲಿ ಬರೆಯಿರಿ ಎಂದಿತು. ವ್ಯಾಪಾರಿ ತನ್ನ ಅಂತಸ್ತು ಮೀರಿ ಮೆರೆಯಬಾರದು ಎಂಬುದು ಆಗಿನ ನೀತಿ. ಹಾಗಾದಾಗ ಉಳಿದದ್ದು ಒಳ್ಳೆಯ ಮರ, ಒಳ್ಳೆಯ ಅಕ್ಷರ, ಒಳ್ಳೆಯ ಆಕಾರ. ಕಾಲ ಸರಿದಂತೆ ನಿಷೇಧ ಸಡಿಲವಾಯಿತು, ಚಿನ್ನ ವಾಪಸ್ ಬಂತು. ಆದರೂ ಸರಳ ಬೋರ್ಡುಗಳ ಗಾಂಭೀರ್ಯ ಬೇರೆಯೇ.

ಬರಿಯ ಮರದ ಮೇಲಿನ ಶಾಯಿಗೆ ಒಂದು ಗುಣವಿದೆ. ಕಾನ್‌ಬಾನ್ ಪ್ರೀತಿಸುವವರು ಅದನ್ನು ಕೈಯಿಂದ ಮುಟ್ಟಿ ನೋಡುತ್ತಾರೆ. ಜಪಾನಿ ಶಾಯಿ ಎಂದರೆ ಮಸಿ ಮತ್ತು ಪ್ರಾಣಿಜನ್ಯ ಅಂಟು. ಬಿಸಿಲು ಮಳೆಗೆ ಬರಿಯ ಮರದ ಮೈ ವರ್ಷವರ್ಷವೂ ಚೂರುಚೂರೇ ಸವೆಯುತ್ತದೆ. ಶಾಯಿ ಇರುವ ಜಾಗದಲ್ಲಿ ಮಸಿ ಬಿಸಿಲನ್ನು ತಡೆಯುವುದರಿಂದ ಸವೆತ ನಿಧಾನ. ಹಲವು ದಶಕ ಕಳೆದ ಮೇಲೆ ಶಾಯಿಯೇ ಮಾಸಿಹೋಗಿರುತ್ತದೆ, ಆದರೆ ಅಕ್ಷರಗಳು ಹಲಗೆಯಿಂದ ಒಂದು ಕೂದಲೆಳೆಯಷ್ಟು ಮೇಲೆ ಎದ್ದು ನಿಂತಿರುತ್ತವೆ. ಯಾರೂ ಅವನ್ನು ಕೆತ್ತಿದ್ದಲ್ಲ. ಮಳೆ ಬಿಸಿಲು ಸೇರಿ ಮಾಡಿದ ಕೆಲಸ ಅದು. ಓರೆ ಬೆಳಕಿನಲ್ಲಿ ಹಿಡಿದರೆ ಬಣ್ಣವಿಲ್ಲದೆಯೂ ಓದಬಹುದು. ಇಂಥ ಬೋರ್ಡನ್ನು ‘ಹಳೆಯದಾಗಿದೆ, ಹೊಸ ಶಾಯಿ ಹಚ್ಚೋಣ’ ಎಂದು ಹೊರಟವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅಕ್ಷರ ಬರೆದವರು ಯಾರು ಎಂಬುದೂ ಬೆಲೆಯನ್ನು ಏರಿಸುತ್ತದೆ. ಮೇಜಿ ಕಾಲದಲ್ಲಿ, ಅಂದರೆ 1868ರಿಂದ 1912ರವರೆಗೆ, ಕುಸಾಕಾಬೆ ಮೇಯಿಕಾಕು ಮತ್ತು ಇವಾಯಾ ಇಚಿರೋಕು ಅವರಂಥ ಹೆಸರಾಂತ ಕೈಬರಹಗಾರರು ಅಂಗಡಿ ಬೋರ್ಡಿಗೂ ಬರೆದುಕೊಟ್ಟರು. ಅಂಗಡಿಯ ಮರ್ಯಾದೆ ಬರೆದವರ ಹೆಸರಿನಿಂದ ಹೆಚ್ಚುತ್ತಿತ್ತು. ಕಿತಾಓಜಿ ರೋಸಾಂಜಿನ್ ಎಂದರೆ ಜಗತ್ತಿಗೆ ಗೊತ್ತಿರುವುದು ಮಣ್ಣಿನ ಪಾತ್ರೆಗಳಿಂದ, ಅಡುಗೆಯಿಂದ. ಆದರೆ ಅವರು ಮೊದಲು ಹೊಟ್ಟೆ ಹೊರೆದದ್ದು ಮುದ್ರೆ ಮತ್ತು ಬೋರ್ಡು ಕೆತ್ತಿ. 1915ರಲ್ಲಿ ಯಾಮಾಶಿರೋ ಎಂಬ ಬಿಸಿನೀರಿನ ಬುಗ್ಗೆಯ ಊರಿನಲ್ಲಿ ಉಳಿದುಕೊಂಡಿದ್ದಾಗ, ಸುದಾ ಸೇಯ್ಕಾ ಅವರ ಕುತಾನಿ ಪಿಂಗಾಣಿ ಕಾರ್ಯಾಗಾರಕ್ಕೆ ಬೋರ್ಡು ಕೆತ್ತಿದರು. ಪಿಂಗಾಣಿಯ ಮೇಲೆ ಬಣ್ಣ ಹಾಕುವುದನ್ನು ಅವರು ಕಲಿತದ್ದೂ ಅಲ್ಲಿಯೇ. ಬೋರ್ಡು ಕೆತ್ತಲು ಬಂದವರು ಕುಂಬಾರಿಕೆಯ ದಾರಿ ಹಿಡಿದರು.

ಇವತ್ತು ಮಾರಾಟಕ್ಕೆ ಸಿಗುವ ಹಳೆಯ ಬೋರ್ಡುಗಳಲ್ಲಿ ನಿಮ್ಮ ಕಣ್ಣಿಗೆ ಹೆಚ್ಚು ಬೀಳುವುದು ಔಷಧದ್ದು. ಅದಕ್ಕೆ ಕಾರಣವಿದೆ. ಗೆಣಸಿನವನಿಗೆ ಒಂದೇ ಬೋರ್ಡು ಸಾಕು. ಔಷಧ ತಯಾರಿಸುವವನು ಊರೂರಿನ ಏಜೆಂಟರಿಗೆ ತನ್ನ ಬೋರ್ಡು ಕೊಡುತ್ತಿದ್ದ. ಹೀಗೆ ಒಂದೇ ಔಷಧದ ಹೆಸರಲ್ಲಿ ಎಷ್ಟೋ ಹಲಗೆ ಕೆತ್ತಿದರು. ಔಷಧದ ಹೆಸರು ನಡುವೆ ದೊಡ್ಡದಾಗಿ, ತಯಾರಕನ ಹೆಸರು ಒಂದು ಪಕ್ಕ, ಮಾರುವ ಏಜೆಂಟನ ಹೆಸರು ಇನ್ನೊಂದು ಪಕ್ಕ. ಪತ್ರಕರ್ತ ಕಿಶಿದಾ ಗಿಂಕೋ ಅಮೆರಿಕದ ವೈದ್ಯ ಹೆಪ್‌ಬರ್ನ್ ಅವರಿಂದ ಕಲಿತು ಮಾರಿದ ‘ಸೇಯ್ಕಿಸುಯಿ’ ಎಂಬ ಕಣ್ಣಿನ ಔಷಧ ಇಂಥ ಪ್ರಚಾರದಿಂದ ದೇಶವಿಡೀ ಹೆಸರಾಯಿತು. ಅದಕ್ಕೂ ಮೊದಲು ‘ಉರುಯುಸು’ ಎಂಬ ಔಷಧದ ಬೋರ್ಡಿನ ಮೇಲೆ ಡಚ್ ಭಾಷೆಯಂತೆ ಕಾಣುವ ರೋಮನ್ ಅಕ್ಷರಗಳಿದ್ದವು. ಡಚ್ಚರ ವೈದ್ಯಕ್ಕೆ ಆಗ ಅಷ್ಟು ಬೆಲೆ. ಔಷಧದ ಬೋರ್ಡುಗಳನ್ನು ಒಟ್ಟಾಗಿ ನೋಡಬೇಕೆಂದರೆ ಗಿಫು ಪ್ರಾಂತ್ಯದ ಕಾಕಾಮಿಗಹಾರಾದಲ್ಲಿರುವ ನೈತೋ ಔಷಧ ಮ್ಯೂಸಿಯಂ ಒಳ್ಳೆಯ ಜಾಗ.

ಬೋರ್ಡಿನ ಕಾಲ ಪತ್ತೆ ಮಾಡಲು ಅದರ ಸಣ್ಣ ಅಕ್ಷರಗಳೇ ಸಾಕ್ಷಿ. ಜಪಾನಿ ಬಾರದಿದ್ದರೂ ಓದಬಲ್ಲವರಿಂದ ಓದಿಸಿ. ‘ಎದೋ’ ಎಂದಿದ್ದರೆ ಅದು 1868ಕ್ಕಿಂತ ಹಿಂದಿನದು ಎಂದು ಊಹಿಸಬಹುದು, ಆ ವರ್ಷ ಊರಿನ ಹೆಸರು ಟೋಕಿಯೊ ಆಯಿತು. ಪದಕಗಳ ಚಿತ್ರ ಕೆತ್ತಿದ್ದರೆ ಅದು ಸಾಮಾನ್ಯವಾಗಿ 1877ರ ನಂತರದ್ದು. ಆ ವರ್ಷ ಟೋಕಿಯೊದ ಉಎನೋದಲ್ಲಿ ಮೊದಲ ರಾಷ್ಟ್ರೀಯ ಕೈಗಾರಿಕಾ ಪ್ರದರ್ಶನ ನಡೆದು ಬಹುಮಾನ ಕೊಡುವುದು ಶುರುವಾಯಿತು. ‘ನೋಂದಾಯಿತ ಟ್ರೇಡ್‌ಮಾರ್ಕ್’ ಎಂಬ ನಾಲ್ಕು ಅಕ್ಷರ ಇದ್ದರೆ 1884ಕ್ಕಿಂತ ಮೊದಲಿನದಾಗಲು ಸಾಧ್ಯವೇ ಇಲ್ಲ, ಟ್ರೇಡ್‌ಮಾರ್ಕ್ ಕಾನೂನು ಬಂದದ್ದೇ ಆಗ. ಅಡ್ಡ ಸಾಲಿನ ಅಕ್ಷರಗಳನ್ನು ಎಡದಿಂದ ಬಲಕ್ಕೆ ಬರೆದಿದ್ದರೆ ಹುಷಾರಾಗಿ. ಎರಡನೇ ಮಹಾಯುದ್ಧದವರೆಗೆ ಬೋರ್ಡುಗಳಲ್ಲಿ ಬಲದಿಂದ ಎಡಕ್ಕೆ ಬರೆಯುವುದೇ ರೂಢಿಯಾಗಿತ್ತು.

ಎದೋ ಕಾಲದ ಅಸಲಿ ಬೋರ್ಡು ಅಪರೂಪ. ಮರದ ಊರು, ಮೇಲಿಂದ ಮೇಲೆ ಬೆಂಕಿ. 1657ರ ಬೆಂಕಿಯಲ್ಲಿ ಎದೋ ನಗರದ ಬಹುಭಾಗ ಸುಟ್ಟುಹೋಯಿತು. 1923ರ ಭೂಕಂಪದ ಬೆಂಕಿ, 1945ರ ಬಾಂಬ್ ದಾಳಿ ಟೋಕಿಯೊದಲ್ಲಿ ಉಳಿದಿದ್ದನ್ನೂ ನುಂಗಿದವು. ಇದರ ನಡುವೆ ಎನಾಮಲ್ ತಗಡು ಬಂತು. 1905ರಲ್ಲಿ ಮಾರುಕಟ್ಟೆಗೆ ಬಂದ ಜಿಂತಾನ್ ಗುಳಿಗೆಯ ತಗಡಿನ ಫಲಕಗಳು ಬೀದಿಬೀದಿಯಲ್ಲಿ ಕಾಣತೊಡಗಿದವು. ಆಮೇಲೆ ವಿದ್ಯುತ್ ದೀಪ, ನಿಯಾನ್. ಮರದ ಬೋರ್ಡು ಉಗ್ರಾಣ ಸೇರಿತು, ಕೆಲವು ಒಲೆ ಸೇರಿದವು.

ಇವು ಕಾಪಾಡಬೇಕಾದ ವಸ್ತು ಎಂದು ಬೇಗ ಗುರುತಿಸಿದವರಲ್ಲಿ ಎಡ್ವರ್ಡ್ ಮೋರ್ಸ್ ಒಬ್ಬರು. ಈ ಅಮೆರಿಕನ್ ಪ್ರಾಣಿಶಾಸ್ತ್ರಜ್ಞ 1877ರಲ್ಲಿ ಜಪಾನಿಗೆ ಬಂದದ್ದು ಸಮುದ್ರದ ಚಿಪ್ಪುಜೀವಿಗಳನ್ನು ಅಧ್ಯಯನ ಮಾಡಲು. ಆದರೆ ಅಲ್ಲಿನ ದಿನಬಳಕೆಯ ವಸ್ತುಗಳಿಗೆ ಮನಸೋತರು. ಅಂಗಡಿ ಬೋರ್ಡುಗಳ ಚಿತ್ರ ಬಿಡಿಸಿಕೊಂಡರು, ಬೋರ್ಡುಗಳನ್ನೂ ಸಂಗ್ರಹಿಸಿದರು. ಅವು ಈಗ ಅಮೆರಿಕದ ಸೇಲಂ ಊರಿನ ಪೀಬಾಡಿ ಎಸೆಕ್ಸ್ ಮ್ಯೂಸಿಯಂನಲ್ಲಿವೆ. ಜಪಾನಿನೊಳಗೆ ಕಣ್ಣು ತೆರೆಸಿದ್ದು ಯನಾಗಿ ಸೋಎತ್ಸು ಮತ್ತು ಗೆಳೆಯರ ‘ಮಿಂಗೆಯಿ’ ಚಳವಳಿ. ಹೆಸರಿಲ್ಲದ ಕೈಗಳು ದಿನಬಳಕೆಗೆ ಮಾಡಿದ ವಸ್ತುವಿನಲ್ಲೇ ನಿಜವಾದ ಚೆಂದ ಇದೆ ಎಂದು 1920ರ ದಶಕದಲ್ಲಿ ಅವರು ಹೇಳಿದರು, 1936ರಲ್ಲಿ ಟೋಕಿಯೊದಲ್ಲಿ ಅದಕ್ಕಾಗಿಯೇ ಮ್ಯೂಸಿಯಂ ತೆರೆದರು. ಮಿಂಗೆಯಿ ಎಂಬ ಅದೇ ಹೆಸರು ಹೊತ್ತ, ಅಮೆರಿಕದ ಸ್ಯಾನ್ ಡಿಯಾಗೋದ ಮ್ಯೂಸಿಯಂ 2017ರಲ್ಲಿ ಕಾನ್‌ಬಾನ್‌ಗಳದ್ದೇ ದೊಡ್ಡ ಪ್ರದರ್ಶನ ಮಾಡಿತು.

ಕೊಳ್ಳುವ ಆಸೆ ಇದ್ದರೆ ಎರಡು ಮಾತು. ವಸ್ತುವಿನ ಆಕಾರದಲ್ಲೇ ಕೆತ್ತಿದವು ಬರೀ ಅಕ್ಷರದ ಹಲಗೆಗಿಂತ ಕಡಿಮೆ ಸಿಗುತ್ತವೆ, ಬೆಲೆಯೂ ಜಾಸ್ತಿ. ಅದಕ್ಕೇ ನಕಲಿಗಳು ಹುಟ್ಟುವುದೂ ಅಲ್ಲೇ ಹೆಚ್ಚು. ಹಳೆಯ ಮನೆಯ ಹಲಗೆ ತಂದು ಹೊಸದಾಗಿ ಕೆತ್ತಿ ಹೊಗೆ ಹಿಡಿಸಿದರೆ ಮೊದಲ ನೋಟಕ್ಕೆ ಯಾರೂ ಮೋಸಹೋಗಬಹುದು. ಹುಳು ತಿಂದ ತೂತುಗಳನ್ನು ನೋಡಿ. ಹುಳು ಹೊರಬಂದ ಜಾಗ ದುಂಡಗಿನ ಸಣ್ಣ ತೂತು. ಕೆತ್ತಿದ ಗೆರೆಯೊಳಗೆ ಹುಳುವಿನ ದಾರಿ ಉದ್ದುದ್ದ ಸೀಳಿ ಕಾಲುವೆಯ ಹಾಗೆ ತೆರೆದುಕೊಂಡಿದ್ದರೆ, ಹುಳು ಮೊದಲು ತಿಂದಿದೆ, ಉಳಿ ಆಮೇಲೆ ಬಿದ್ದಿದೆ. ಹಲಗೆಯ ಮೈ ಸವೆದು ಅಕ್ಷರದ ಅಂಚು ಮಾತ್ರ ಚೂಪಾಗಿದ್ದರೂ ಅನುಮಾನ ಪಡಬೇಕು. ಹಿಂಬದಿ ತಿರುಗಿಸಿ ನೋಡಿ. ಬೀದಿಯ ಎರಡೂ ಕಡೆಯಿಂದ ಬರುವವರಿಗೆ ಕಾಣಲೆಂದು ಅಡ್ಡಕ್ಕೆ ತೂಗಿದ ಬೋರ್ಡಿಗೆ ಎರಡೂ ಮುಖದಲ್ಲಿ ಬರಹ ಇರುತ್ತದೆ, ಸಾಮಾನ್ಯವಾಗಿ ಒಂದು ಮುಖಕ್ಕೆ ಬಿಸಿಲು ಮಳೆ ಜಾಸ್ತಿ ಬಡಿದಿರುತ್ತದೆ. ಎರಡೂ ಕಡೆ ಸರಿಸಮ ಸವೆತ ಇದ್ದರೆ ಯಾಕೆಂದು ಕೇಳಿ.

ತಂದ ಮೇಲೆ ಒದ್ದೆ ಬಟ್ಟೆ ಹಾಕಬೇಡಿ. ಚಿನ್ನದ ರೇಕೂ ಚಿಪ್ಪಿನ ಬಿಳಿಯೂ ಸುಮ್ನೆ ಎದ್ದುಬರುತ್ತವೆ. ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ನೇರ ಬಿಸಿಲು ಉರುಶಿಯ ಹೊಳಪನ್ನು ಕೊಲ್ಲುತ್ತದೆ, ಎಸಿಯ ಒಣ ಗಾಳಿ ಕೆಯಾಕಿಯನ್ನು ಸೀಳುತ್ತದೆ. ಹಳೆಯ ಕೊಂಡಿ ತೆಗೆದು ಹೊಸ ಸ್ಕ್ರೂ ಹಾಕಬೇಡಿ, ಹಲಗೆಯ ಭಾರವನ್ನು ಕೆಳಗಿನಿಂದ ಹೊರುವ ಆಸರೆ ಕೊಡಿ.

ಕೊಳ್ಳದೆಯೂ ಇವನ್ನು ಇದ್ದಲ್ಲೇ ನೋಡಬಹುದು. ಎದೋ ಮತ್ತು ಕ್ಯೋಟೋ ನಡುವಿನ ತೋಕೈದೋ ಹೆದ್ದಾರಿಯಲ್ಲಿ 53 ತಂಗುದಾಣಗಳಿದ್ದವು. 47ನೆಯದು ಸೆಕಿ, ಈಗಿನ ಮಿಎ ಪ್ರಾಂತ್ಯದಲ್ಲಿದೆ. ಅಲ್ಲಿ ‘ಸೆಕಿ ನೋ ತೋ’ ಎಂಬ ಸಿಹಿ ಮಾರುವ ಹಳೆಯ ಅಂಗಡಿಯ ಬೋರ್ಡಿಗೆ ಮೇಲೊಂದು ಪುಟ್ಟ ಸೂರು ಇದೆ. ಒಂದು ಮುಖದಲ್ಲಿ ಹೆಸರು ಚೀನೀ ಮೂಲದ ಕಾಂಜಿ ಅಕ್ಷರದಲ್ಲಿದೆ, ಇನ್ನೊಂದರಲ್ಲಿ ಜಪಾನಿನದೇ ಆದ ಹಿರಗಾನಾ ಅಕ್ಷರದಲ್ಲಿ. ನಡೆದು ಬಂದ ಪ್ರಯಾಣಿಕ ತಾನು ಕ್ಯೋಟೋ ಕಡೆಗೆ ಹೊರಟಿದ್ದೇನೋ ಎದೋ ಕಡೆಗೋ ಎಂದು ಅದನ್ನು ನೋಡಿಯೇ ತಿಳಿಯುತ್ತಿದ್ದ.